ನೌಕರಿ ಮಾಡುತ್ತಾ ಬರೆಯುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಕೆಲಸ ಮುಗಿಯುವಷ್ಟರಲ್ಲಿ ತಲೆ ಖಾಲಿಯಾಗಿರುತ್ತದೆ, ಬರೆಯಲು ಮನಸ್ಸೇ ಬರುವುದಿಲ್ಲ, ಕೆಲಸ ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ. ಈಗಂತೂ ಖಂಡಿತ ಬೇಡ. ತಿಂಗಳಾದರೆ ಸಂಬಳ ಬರುತ್ತದೆ ಅನ್ನುವ ಭರವಸೆ ಇರುವುದಕ್ಕೇ ಚೆನ್ನಾಗಿ ಬಾರದ ಪುಟವನ್ನು ಹರಿದು ಹಾಕುವ ಧೈರ್ಯ ನಿನಗಿದೆ. ಬರೆದೇ ಹೊಟ್ಟೆ ಹೊರೆಯಬೇಕು ಅಂತಾದರೆ ಆ ಪುಟವನ್ನೂ ಅಚ್ಚಿಗೆ ಕಳಿಸಬೇಕಾಗುತ್ತದೆ.

ಸಮಯ ಸಿಗುವುದಿಲ್ಲ ಅನ್ನುವುದು ನಿಜ. ಆದರೆ ನನಗೆ ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಭಾನುವಾರ ಬರೆದ ಕಥೆಯನ್ನು ಗುರುವಾರ ರಾತ್ರಿ ತೆರೆಯುತ್ತೀಯ. ಅಷ್ಟರಲ್ಲಿ ಪಾತ್ರಗಳ ದನಿಯೇ ಮರೆತುಹೋಗಿರುತ್ತದೆ. ಎಲ್ಲಿ ನಿಲ್ಲಿಸಿದ್ದೆ, ಮುಂದೇನು ಅಂದುಕೊಂಡಿದ್ದೆ, ಒಂದೂ ನೆನಪಿಗೆ ಬರುವುದಿಲ್ಲ. ಹೇಗೋ ಹೊಂದಿಸಿಕೊಂಡ ಮುಕ್ಕಾಲು ಗಂಟೆ ಕಥೆಯ ಒಳಗೆ ಹೋಗುವುದರಲ್ಲೇ ಮುಗಿದುಹೋಗುತ್ತದೆ. ಹೀಗೆ ನಾಲ್ಕು ಸಲ ಆದರೆ ಯಾರಿಗಾದರೂ ಬೇಸರ ಬರುತ್ತದೆ. ಆ ಬೇಸರವನ್ನೇ ನೀನು ಸ್ಫೂರ್ತಿ ಬತ್ತಿಹೋಯಿತು ಅಂದುಕೊಂಡಿದ್ದೀಯ ಅಂತ ನನಗೆ ಅನ್ನಿಸುತ್ತದೆ.

ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲೋಪ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರು. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕೂತು, ಮೂರು ಗಂಟೆ ಬರೆದು, ಆಮೇಲೆ ದಿನದ ಕೆಲಸಕ್ಕೆ ಹೊರಡುತ್ತಿದ್ದರು. ಗಡಿಯಾರ ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದ ಬರೆಯುತ್ತಿದ್ದರು ಅನ್ನುವುದನ್ನೇ ಎಲ್ಲರೂ ಹೇಳುತ್ತಾರೆ. ಆ ವೇಗ ನಮಗೆ ಬೇಡ. ನನಗೆ ಮುಖ್ಯ ಅನ್ನಿಸುವುದು ಆ ಮೂರು ಗಂಟೆಯ ಮೊದಲ ಅರ್ಧ ಗಂಟೆ. ಆಗ ಅವರು ಹಿಂದಿನ ದಿನ ಬರೆದದ್ದನ್ನು ಓದುತ್ತಿದ್ದರು. ಅಷ್ಟು ಸಮಯ ನಮಗೆಲ್ಲಿದೆ ಅನ್ನಬೇಡ. ಹತ್ತು ನಿಮಿಷವಾದರೂ ಸಾಕು.

ಇನ್ನೂ ಒಂದು ಉಪಾಯ ಇದೆ. ಬರೆದು ಮೇಜಿನಿಂದ ಏಳುವ ಮೊದಲು ಮುಂದಿನ ಭಾಗದ ಬಗ್ಗೆ ಎರಡು ಸಾಲು ಬರೆದಿಟ್ಟು ಏಳು. 'ಅಕ್ಕ ತಮ್ಮನ ಜಗಳ ಮುಂದುವರಿಸಬೇಕು' ಅಂತ ಬರೆದರೆ ಏನೂ ಉಪಯೋಗವಿಲ್ಲ. 'ತಮ್ಮ ಬಾಗಿಲಲ್ಲೇ ನಿಂತಿದ್ದಾನೆ. ಅಕ್ಕ ಒಳಗೆ ಬಾ ಅನ್ನುವುದಿಲ್ಲ, ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದಾಳೆ. ಮೊದಲ ಮಾತು ಅವನದು' ಅಂತ ಬರೆದಿಡು. ಗುರುವಾರ ರಾತ್ರಿ ಎಷ್ಟೇ ದಣಿದಿದ್ದರೂ ಅವನ ಆ ಮೊದಲ ಮಾತನ್ನು ನೀನು ಬರೆಯಬಲ್ಲೆ. ಅದಕ್ಕೆ ಅಕ್ಕನ ಉತ್ತರ ತಾನಾಗಿ ಬರುತ್ತದೆ, ಅಲ್ವಾ?

ಮಧ್ಯದ ದಿನಗಳಲ್ಲಿ ಬರೆಯಲು ಆಗದಿದ್ದರೂ ಕಡತವನ್ನು ತೆರೆದು ಒಂದು ಪುಟ ಓದು. ಒಂದು ಪದ ಬದಲಿಸಬೇಕು ಅನ್ನಿಸಿದರೆ ಬದಲಿಸು, ಇಲ್ಲದಿದ್ದರೆ ಸುಮ್ನೆ ಮುಚ್ಚಿಡು. ಕಥೆ ತಲೆಯೊಳಗೆ ಓಡಾಡುತ್ತಿರಲು ಅಷ್ಟು ಸಾಕು.

ಬೆಳಗ್ಗೆ ಬರೆಯಬೇಕಾ ರಾತ್ರಿ ಬರೆಯಬೇಕಾ ಅಂತಲೂ ಕೇಳಿದ್ದೀಯ. ನಿನ್ನ ದೇಹ ಹೇಳಿದಂತೆ ಮಾಡು. ರಾತ್ರಿಯಿಡೀ ಬರೆದ ಲೇಖಕರ ಕಥೆ ಕೇಳಿ ಮಾತ್ರ ಮರುಳಾಗಬೇಡ. ಜರ್ಮನ್ ಭಾಷೆಯಲ್ಲಿ ಬರೆದ ಕಥೆಗಾರ ಫ್ರಾಂಜ್ ಕಾಫ್ಕಾ 1912ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ ಕೂತು ಒಂದು ಇಡೀ ಕಥೆ ಬರೆದು ಮುಗಿಸಿದರು. ಅವರು ಕೆಲಸ ಮಾಡುತ್ತಿದ್ದ ವಿಮಾ ಕಚೇರಿ ಮಧ್ಯಾಹ್ನ 2 ಗಂಟೆಗೇ ಮುಗಿಯುತ್ತಿತ್ತು ಅನ್ನುವುದನ್ನು ಹೇಳುವವರು ಕಡಿಮೆ. ನಿದ್ದೆಗೆಟ್ಟು ಬರೆದರೆ ಮಾರನೆಯ ದಿನದ ಕೆಲಸವೂ ಕೆಡುತ್ತದೆ, ಬರವಣಿಗೆಯೂ ಕೆಡುತ್ತದೆ.

ಕೆಲಸ ನಿನ್ನಿಂದ ಎಲ್ಲವನ್ನೂ ಕಿತ್ತುಕೊಳ್ಳುತ್ತಿದೆ ಅಂತ ಬರೆದಿದ್ದೀಯ. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿ ಎಂಜಿನಿಯರ್ ಆಗಿದ್ದರು. 1979ರಲ್ಲಿ ಬಂದ ಅವರ 'ಶಿಕಾರಿ' ಕಾದಂಬರಿಯಲ್ಲಿ ಕಂಪನಿಯೊಳಗಿನ ಸಂಚು, ಭಯ, ಅಧಿಕಾರದ ಆಟ ಎಷ್ಟು ಹತ್ತಿರದಿಂದ ಕಾಣುತ್ತದೆ ನೋಡು. ಅಂಥ ಜಗತ್ತಿನಲ್ಲಿ ಬದುಕದೆ ಅದು ದಕ್ಕುವುದು ಕಷ್ಟ. ಬಡ್ತಿ ಸಿಗದವನು ಸಿಕ್ಕವನನ್ನು ಅಭಿನಂದಿಸುವಾಗ ಕೈ ಎಷ್ಟು ಹೊತ್ತು ಹಿಡಿಯುತ್ತಾನೆ, ಯಾರ ನಗು ಬಾಸ್ ತಿರುಗಿದ ಕೂಡಲೇ ನಿಲ್ಲುತ್ತದೆ, ಇವೆಲ್ಲ ದಿನಾ ನಿನ್ನ ಕಣ್ಣೆದುರೇ ನಡೆಯುತ್ತವೆ. ಮರೆಯುವ ಮೊದಲು ಒಂದು ಸಾಲು ಗುರುತು ಹಾಕಿಕೊ.

ಮಾಸ್ತಿಯವರು ಸರ್ಕಾರದ ದೊಡ್ಡ ಹುದ್ದೆಗಳಲ್ಲಿ ಇದ್ದುಕೊಂಡೇ ಕಥೆ ಬರೆದರು. ಅವರ ಮೊದಲ ಕಥಾಸಂಕಲನ ಬಂದದ್ದು 1920ರಲ್ಲಿ. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ನೌಕರಿಯೂ ಇತ್ತು, ಬರವಣಿಗೆಯೂ ಇತ್ತು. ಈ ವರ್ಷವೇ ಪುಸ್ತಕ ಬರಬೇಕು ಅನ್ನುವ ಅವಸರ ನಿನಗೂ ಬೇಡ.

ಕೆಲಸದ ಒತ್ತಡಕ್ಕೆ ಕೆಲವು ವಾರ ಪೂರ್ತಿ ಕೈತಪ್ಪಿ ಹೋಗುತ್ತವೆ. ಹೋದದ್ದನ್ನು ರಜೆಯಲ್ಲಿ ಬಡ್ಡಿ ಸಮೇತ ತೀರಿಸಲು ಹೋಗಬೇಡ. ಅದು ಮೊದಲ ದಿನವೇ ಸುಸ್ತು ಮಾಡಿಬಿಡುತ್ತದೆ. ಮತ್ತೆ ಬರೆಯಲು ಕೂತಾಗ, ಹಿಂದೆ ಕೊನೆಯದಾಗಿ ಬರೆದ ಪ್ಯಾರಾವನ್ನು ಕೈಯಾರೆ ಇನ್ನೊಂದು ಹಾಳೆಗೆ ಬರೆದುಕೊ. ಅದು ಮುಗಿಯುವ ಹೊತ್ತಿಗೆ ಮುಂದಿನ ವಾಕ್ಯ ಸಿಕ್ಕರೆ ಬರೆ. ಸಿಗದಿದ್ದರೆ ನಾಳೆ ಅದೇ ಪ್ಯಾರಾದಿಂದ ಮತ್ತೆ ಶುರು ಮಾಡು.

ನಿನ್ನ ಅಣ್ಣ