ಆಟದೊಳಗಿನ ರೈತನಿಗೂ ಒಂದು ಖಾತೆ ಬೇಕು

ಮಾನ್ಯ ಸಂಪಾದಕರೇ,

ಮೊಬೈಲ್ ಆಟಗಳಿಂದ ಮಕ್ಕಳು ಕೆಡುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುವ ಬರಹಗಳನ್ನು ತಪ್ಪದೇ ಓದುತ್ತೇನೆ. ಆ ಆತಂಕ ನನಗೂ ಇದೆ. ಆದರೆ ನಮ್ಮ ಊರುಗಳಲ್ಲಿ ಆಟ ಆಡುವ ಮಕ್ಕಳಿರುವಂತೆ ಆಟ ಕಟ್ಟುವ ಮಕ್ಕಳೂ ಇದ್ದಾರೆ. ಅವರ ಕೆಲಸದ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ.

ನಾನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ 31 ವರ್ಷಗಳಿಂದ ಕಿರ್ದಿ, ಖತಾವಣಿ ಎಂಬ ಲೆಕ್ಕದ ಪುಸ್ತಕಗಳನ್ನು ಬರೆಯುತ್ತಿದ್ದೇನೆ. ಮಗಳು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟಿಗೆಂದು ನಮ್ಮ ಮಾರುಕಟ್ಟೆಯನ್ನೇ ಆಟವಾಗಿ ಕಟ್ಟಿದ್ದಾಳೆ. ಅದರಲ್ಲಿ 60 ರೈತರು, ಐದು ಅಂಗಡಿಗಳು, 12 ಹಮಾಲರು. ಆಡುವವರು ದಲಾಲರಾಗಿ ಕುಳಿತು, ಹಂಗಾಮು ಮುಗಿಯುವವರೆಗೆ ರೈತರನ್ನು ಉಳಿಸಿಕೊಳ್ಳಬೇಕು. ದೀಪಾವಳಿಗೆ ಬಂದವಳು ಲ್ಯಾಪ್‌ಟಾಪ್ ನನ್ನ ಮುಂದಿಟ್ಟು, "ಅಪ್ಪ, ಇದು ಮಾರುಕಟ್ಟೆಯ ಹಾಗೆ ಕಾಣುತ್ತದೆಯೇ?" ಎಂದು ಕೇಳಿದಳು.

ಕಾಣಲಿಲ್ಲ. ಪ್ರತಿ ರೈತನ ತಲೆಯ ಮೇಲೆ ನಿಷ್ಠೆ ಎಂಬ ಅಂಕವಿತ್ತು, ಸೊನ್ನೆಯಿಂದ ನೂರರವರೆಗೆ. ಒಂದು ಹಳ್ಳಿಗೆ ಒಂದು ಅಂಗಡಿ. ದರ ಇಳಿದಂತೆ ಅಂಕ ಇಳಿಯುತ್ತಿತ್ತು, 40ರ ಕೆಳಗೆ ಹೋದೊಡನೆ ಇಡೀ ಹಳ್ಳಿ ಎದುರಂಗಡಿಗೆ ನಡೆಯುತ್ತಿತ್ತು, ಕುರಿಹಿಂಡು ಬೇಲಿ ದಾಟಿದ ಹಾಗೆ. ದರ ಬರೆಯುವವರು ಖರೀದಿದಾರರು, ದಲಾಲರಲ್ಲ ಎಂಬುದನ್ನು ಮೊದಲು ತಿದ್ದಿಸಿದೆ. ಆಮೇಲೆ ಅವಳಿಗೆ ಒಂದು ಖಾತೆಯ ಕಥೆ ಹೇಳಿದೆ.

ಕುಂದಗೋಳ ಕಡೆಯ ರೈತರೊಬ್ಬರು ಹನ್ನೊಂದು ವರ್ಷ ನಮ್ಮ ಅಂಗಡಿಗೇ ಮಾಲು ತಂದವರು. ಅವರ ಹೆಂಡತಿಯ ಆಪರೇಷನ್‌ಗೆ ಮಾಲೀಕರು 40 ಸಾವಿರ ರೂಪಾಯಿ ಕೊಟ್ಟಿದ್ದರು, ಬಡ್ಡಿ ಹಿಡಿದಿರಲಿಲ್ಲ. ಒಂದು ಸೋಮವಾರ ಆವಕ ಹೆಚ್ಚಾಗಿ ಎಲ್ಲರೂ ದಣಿದಿದ್ದೆವು. ಅಂಗಡಿಯವರೊಬ್ಬರು ಇವರ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಕಾಯಿ ಹಿಂಡಿ, "ತೂಕ ಬರಲೆಂದು ನೀರು ಹೊಡೆದು ತಂದಿದ್ದೀರಾ?" ಎಂದುಬಿಟ್ಟರು. ಪಕ್ಕದಲ್ಲಿ ಹತ್ತನೇ ತರಗತಿ ಓದುವ ಮಗ ನಿಂತಿದ್ದ. ರೈತರು ಮಾತನಾಡಲಿಲ್ಲ. ಹುಡುಗ ನೆಲಕ್ಕೆ ಬಿದ್ದ ಕಾಯಿಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದ. ಮಾರಾಟದ ಲೆಕ್ಕದ ಪಟ್ಟಿ ತೆಗೆದುಕೊಂಡು ಇಬ್ಬರೂ ಹೋದರು. ಆ ವರ್ಷ ದರ ಬಿದ್ದಿತ್ತು, ಆದರೂ ಮತ್ತೆ ಮೂರು ಸಲ ನಮ್ಮಲ್ಲಿಗೇ ಬಂದರು. ಮರುವರ್ಷ ಡಬ್ಬಿ ತಳಿಯ ಕಾಯಿಗೆ ಒಳ್ಳೆಯ ದರ ಸಿಕ್ಕಿತು. ಅಂದೇ ಬಾಕಿಯೆಲ್ಲ ಎಣಿಸಿ ಕೊಟ್ಟರು, ಖಾತೆ ಚುಕ್ತಾ ಎಂದು ನಾನೇ ಬರೆದೆ. ಅವರು ಮತ್ತೆ ನಮ್ಮ ಕಟ್ಟೆ ಹತ್ತಲಿಲ್ಲ. ಒಳ್ಳೆಯ ದರ ಸಿಕ್ಕ ದಿನವೇ ಯಾಕೆ ಬಿಟ್ಟರು ಎಂದು ಮಾಲೀಕರಿಗೆ ಇಂದಿಗೂ ಅರ್ಥವಾಗಿಲ್ಲ.

ಮಗಳು ಕಟ್ಟಿದ ಲೆಕ್ಕ ಇಲ್ಲಿಯೇ ತಲೆಕೆಳಗಾಗಿತ್ತು. ಬಾಕಿ ಇರುವ ರೈತ ದರ ಬಿದ್ದಾಗ ಅಂಗಡಿ ಬಿಡಲಾರ. ದರ ಬಂದಾಗ ಬಿಡುತ್ತಾನೆ, ಯಾಕೆಂದರೆ ಆಗ ಋಣ ತೀರಿಸಿ ತಲೆಯೆತ್ತಿ ಹೋಗಬಹುದು. ಅಲ್ಲಿಯವರೆಗೆ ಅವನು ತೋರುವುದನ್ನು ಆಟ ನಿಷ್ಠೆ ಎಂದು ಎಣಿಸುತ್ತದೆ.

ಇನ್ನೊಂದು ಮಾತೂ ಹೇಳಿದೆ. ಉಪಕಾರವನ್ನೂ ಅವಮಾನವನ್ನೂ ಒಂದೇ ಅಂಕದಲ್ಲಿ ಕೂಡಿ ಕಳೆಯಬೇಡ, ಜಮಾ ಬೇರೆ, ಖರ್ಚು ಬೇರೆ ಎಂದು. ಅವಳು ಹುಡುಕಿ ತೋರಿಸಿದಳು: 2010ರಲ್ಲಿ ಬಂದ ಫಾಲ್‌ಔಟ್ ನ್ಯೂ ವೇಗಸ್ ಎಂಬ ಆಟದಲ್ಲಿ ಪ್ರತಿ ಬಣದೊಂದಿಗೂ ಆಟಗಾರನ ಒಳ್ಳೆಯ ಹೆಸರು, ಕೆಟ್ಟ ಹೆಸರು ಎರಡನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರಂತೆ. ನೋಡಿ ಸಂತೋಷವಾಯಿತು. ಆದರೆ ಅಲ್ಲಿ ಖಾತೆ ಇರುವುದು ಬಣಕ್ಕೆ. ಬಣದೊಳಗಿನ ಒಬ್ಬೊಬ್ಬನಿಗೂ ಬೇಕು ಎಂಬುದು ನನ್ನ ಒತ್ತಾಯ. 2000ದಲ್ಲಿ ಬಂದ ಸಿಮ್ಸ್ ಆಟದಲ್ಲಿ ಒಬ್ಬೊಬ್ಬರಿಗೂ ಹಸಿವು, ನಿದ್ದೆ, ಸ್ನಾನ, ಜೊತೆ ಮುಂತಾಗಿ ಎಂಟು ಅಗತ್ಯಗಳಿದ್ದವು. ಮೆಣಸಿನಕಾಯಿ ರೈತನಿಗೆ ಅವುಗಳ ಜೊತೆಗೆ ಮಗನ ಎದುರು ಉಳಿಯಬೇಕಾದ ಮಾನವೂ ಇದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 25 ಪಾತ್ರಗಳ ಪುಟ್ಟ ಊರೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದಾಗ, ನೆನಪು ಎಷ್ಟು ಹೊಸದು, ಎಷ್ಟು ಮುಖ್ಯ, ಈಗಿನ ಸಂದರ್ಭಕ್ಕೆ ಎಷ್ಟು ಹೊಂದುತ್ತದೆ ಎಂಬ ಮೂರನ್ನೂ ತೂಗಿ, ಯಾವುದು ಮೇಲೆ ಬರಬೇಕೆಂದು ನಿರ್ಧರಿಸುವಂತೆ ಮಾಡಿದ್ದರು. ಹಿಂಡಿದ ಆ ಒಂದು ಹಿಡಿ ಕಾಯಿ ವರ್ಷ ಕಳೆದರೂ ಯಾಕೆ ಮಾಸಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನಾನು ಕಂಡಿಲ್ಲ.

ಗುಂಪಿನ ವಿಷಯಕ್ಕೆ ಬರುತ್ತೇನೆ. ಆ ರೈತರು ಹೋದಾಗ ಅವರ ಊರಿನ ಇನ್ನಿಬ್ಬರೂ ನಮ್ಮನ್ನು ಬಿಟ್ಟರು. ಊರೊಟ್ಟಿಗಿನ ಅಭಿಮಾನ ಎಂದು ಅಂಗಡಿಯಲ್ಲಿ ಎಲ್ಲರೂ ಅಂದುಕೊಂಡರು. ವಿಚಾರಿಸಿದರೆ ಮೂವರೂ ಸೇರಿ ಒಂದೇ ಟೆಂಪೊ ಬಾಡಿಗೆಗೆ ಹಿಡಿಯುತ್ತಿದ್ದರು. ಒಬ್ಬರ ಮಾಲು ಒಂದು ಕಡೆ, ಇಬ್ಬರದು ಇನ್ನೊಂದು ಕಡೆ ಇಳಿಸಿದರೆ ಬಾಡಿಗೆಯೂ ಹೆಚ್ಚು, ಹೊತ್ತೂ ಹೆಚ್ಚು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿಯೇ ಚೌಕದ ಹಲಗೆಯ ಮೇಲೆ ಇಂಥದ್ದನ್ನು ತೋರಿಸಿದ್ದರೆಂದು ಮಗಳು ವಿವರಿಸಿದಳು. ನೆರೆಯವರಲ್ಲಿ ಮೂರನೇ ಒಂದು ಪಾಲು ತನ್ನಂಥವರಿದ್ದರೆ ಸಾಕು ಎಂದು ಪ್ರತಿಯೊಬ್ಬನೂ ಬಯಸಿದರೂ, ಸರಿದಾಡುತ್ತಾ ಹೋದಂತೆ ಹಲಗೆ ಬೇರೆ ಬೇರೆ ಕೇರಿಗಳಾಗಿ ಒಡೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಬದ್ಧದ್ವೇಷದಂತೆ ಕಾಣುತ್ತದೆ. ಈಗ ಅವಳ ಆಟದಲ್ಲಿ ಟೆಂಪೊವೂ ಇದೆ.

ಹುಟ್ಟಿನಿಂದ ಬಂದ ಗುಂಪಿಗೆ ದೊಡ್ಡ ಅಂಕ ಕೊಟ್ಟುಬಿಟ್ಟರೆ ಕೆಲಸ ಸುಲಭ ಎಂದು ಅವಳ ಜೊತೆಗಾರರೊಬ್ಬರು ಹೇಳಿದ್ದರಂತೆ. ನಾನು ಗಟ್ಟಿಯಾಗಿ ಬೇಡವೆಂದೆ. ಜಾತಿ ಮಾರುಕಟ್ಟೆಯಲ್ಲಿ ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಇದೆ, ಸಾಲ ಯಾರಿಗೆ ಬೇಗ ಸಿಗುತ್ತದೆ ಎಂಬಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಸಾಲದ ಲೆಕ್ಕದಲ್ಲಿ ತೋರಿಸಲಿ. ಮನುಷ್ಯನ ಹಣೆಯ ಮೇಲೆ ಬದಲಾಗದ ಸಂಖ್ಯೆಯಾಗಿ ಅಚ್ಚೊತ್ತಿದರೆ, ಆಡುವ ಹುಡುಗರು ಅದನ್ನೇ ಲೋಕನಿಯಮವೆಂದು ಕಲಿಯುತ್ತಾರೆ. ಆಟಕ್ಕೆ ಅಂಥ ಬಲವಿದೆ ಎಂಬ ಕಾರಣಕ್ಕೇ ನನಗೆ ಇಷ್ಟು ಕಳಕಳಿ.

ಪ್ರಾಜೆಕ್ಟ್ ನೋಡಿದ ಪರೀಕ್ಷಕರು ಚಿತ್ರಗಳು ಚೆನ್ನಾಗಿಲ್ಲ ಎಂದಷ್ಟೇ ಹೇಳಿ ಮುಂದೆ ಹೋದರಂತೆ. ರೈತ ಯಾಕೆ ಹಾಗೆ ನಡೆದುಕೊಂಡ ಎಂದು ಒಂದು ಪ್ರಶ್ನೆ ಕೇಳಲಿಲ್ಲ. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳವರಲ್ಲಿ ನನ್ನ ವಿನಂತಿ: ಆಟ ಕಟ್ಟುವ ವಿದ್ಯಾರ್ಥಿಗಳನ್ನು ಒಂದು ವಾರ ಮಾರುಕಟ್ಟೆಗೆ, ಸಹಕಾರ ಸಂಘಕ್ಕೆ, ನೇಕಾರರ ಓಣಿಗೆ ಕಳಿಸಿ. ತಾವೂ ಅವರ ಕೆಲಸದ ಬಗ್ಗೆ ವಾರಕ್ಕೊಂದು ಅಂಕಣದಷ್ಟು ಜಾಗ ಕೊಡಬೇಕು.

ಮಗಳ ಆಟದಲ್ಲಿ ಹಮಾಲರಿಗೆ ಇನ್ನೂ ಖಾತೆಯಿಲ್ಲ, ಚೀಲ ಹೊತ್ತು ಸುಮ್ಮನೆ ತಿರುಗುತ್ತಾರೆ. ಬರುವ ಸೋಮವಾರ ಅವಳು ಬರುತ್ತಿದ್ದಾಳೆ. ತೂಕದ ಕಾಟಾದ ಪಕ್ಕದಲ್ಲಿ, ಅವರು ಬುತ್ತಿ ಬಿಚ್ಚುವ ಜಾಗದಲ್ಲಿ ಅವಳನ್ನು ಕೂರಿಸುತ್ತೇನೆ.

ಇತಿ,
ದಲಾಲಿ ಅಂಗಡಿಯ ಗುಮಾಸ್ತ
ಬ್ಯಾಡಗಿ, ಹಾವೇರಿ ಜಿಲ್ಲೆ