ನಿವಾಸಿಗಳನ್ನು ಕೇಳದೆ ಶ್ವಾನದಳಕ್ಕೆ ಕೋಣೆಗಳ ಬೀಗ ತೆಗೆದುಕೊಟ್ಟ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಮಹಿಳಾ ಪಿ.ಜಿ. ನಿರ್ವಹಣಾ ಸಂಸ್ಥೆ,
ಬೆಂಗಳೂರು.

ವಿಷಯ: ನನ್ನ ಗೈರುಹಾಜರಿಯಲ್ಲಿ ಕೋಣೆಯ ಬೀಗ ತೆಗೆದದ್ದು, ತಪಾಸಣೆಯ ವಿಡಿಯೊ ಹಂಚಿದ್ದು ಹಾಗೂ ಮುಂಗಡ ಹಣ ತಡೆಹಿಡಿದಿರುವುದು.

ಮಾನ್ಯರೇ,

ಹದಿನಾಲ್ಕು ತಿಂಗಳಿಂದ ನಾನು ನಿಮ್ಮ ಪಿ.ಜಿ.ಯ ಮೂರನೇ ಮಹಡಿಯಲ್ಲಿದ್ದೇನೆ. ಒಂದು ತಿಂಗಳೂ ಬಾಡಿಗೆ ತಡಮಾಡಿಲ್ಲ. ಕಳೆದ ಶನಿವಾರ ರಾತ್ರಿ ಎಂಟರ ಹೊತ್ತಿಗೆ ಕೆಲಸ ಮುಗಿಸಿ ಬಂದಾಗ ನನ್ನ ಕೋಣೆಯ ಬಾಗಿಲು ತೆರೆದೇ ಇತ್ತು, ಮಾದಕ ವಸ್ತು ಹುಡುಕುವ ಪೊಲೀಸ್ ಲ್ಯಾಬ್ರಡಾರ್ ನಾಯಿಯೊಂದು ನನ್ನ ಕಪಾಟಿನ ಮುಂದೆ ಕುಳಿತಿತ್ತು. ಇಬ್ಬರು ಪುರುಷ ಪೊಲೀಸ್ ಸಿಬ್ಬಂದಿ ನನ್ನ ಬಟ್ಟೆಗಳನ್ನು, ಒಳ ಉಡುಪುಗಳನ್ನೂ ಬಿಡದೆ, ಒಂದೊಂದಾಗಿ ಕೊಡವಿ ಮಂಚದ ಮೇಲೆ ಹಾಕುತ್ತಿದ್ದರು. ಚಿತ್ರದುರ್ಗದಿಂದ ಅಮ್ಮ ಕಳಿಸಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದು, ಪೆನ್ನಿನಿಂದ ಕೆದಕಿ ನೋಡಿದ್ದರು. ನಿಮ್ಮ ವಾರ್ಡನ್ ಬಾಗಿಲಲ್ಲಿ ನಿಂತು ತಮ್ಮ ಫೋನಿನಲ್ಲಿ ಇದನ್ನೆಲ್ಲ ಚಿತ್ರೀಕರಿಸುತ್ತಿದ್ದರು. ಅರ್ಧ ಗಂಟೆ ಹುಡುಕಿದರೂ ಏನೂ ಸಿಗಲಿಲ್ಲ. ಪೊಲೀಸರು ಹೊರಟುಹೋದರು, ಮಹಜರಿನ ಪ್ರತಿಯನ್ನಾಗಲಿ, ಒಂದು ಚೀಟಿಯನ್ನಾಗಲಿ ನನಗೆ ಕೊಡಲಿಲ್ಲ.

ಪೊಲೀಸರ ನಡವಳಿಕೆಯ ಬಗ್ಗೆ ಅವರ ಮೇಲಧಿಕಾರಿಗಳಿಗೆ ಬೇರೆಯಾಗಿ ಬರೆದಿದ್ದೇನೆ. ಈ ಪತ್ರ ನಿಮ್ಮ ಸಂಸ್ಥೆ ಮಾಡಿದ್ದರ ಬಗ್ಗೆ. "ನಮ್ಮ ಅಭ್ಯಂತರವಿಲ್ಲ, ಎಲ್ಲ ರೂಮುಗಳನ್ನೂ ನೋಡಿಕೊಳ್ಳಿ" ಎಂದು ಹೇಳಿ ಮಾಸ್ಟರ್ ಕೀ ಕೊಟ್ಟದ್ದಾಗಿ ವಾರ್ಡನ್ ಅವರೇ ನನ್ನೆದುರು ಒಪ್ಪಿಕೊಂಡಿದ್ದಾರೆ. ನಮ್ಮ ಕರಾರಿನಲ್ಲಿ ಸ್ವಚ್ಛತೆ ಮತ್ತು ರಿಪೇರಿಗಾಗಿ ಕೋಣೆ ತೆರೆಯಬಹುದೆಂದಿದೆಯೇ ಹೊರತು, ನನ್ನ ಪರವಾಗಿ ಶೋಧಕ್ಕೆ ಒಪ್ಪಿಗೆ ಕೊಡುವ ಅಧಿಕಾರವನ್ನು ನಾನು ನಿಮಗೆ ಎಲ್ಲಿಯೂ ಬರೆದುಕೊಟ್ಟಿಲ್ಲ.

ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ ಬಹಳ ಕಠಿಣವಾದದ್ದು, ಹಾಗಿರುವುದರಿಂದಲೇ ಅದರಲ್ಲಿ ಶೋಧಕ್ಕೆ ಕಟ್ಟುಪಾಡುಗಳೂ ಇವೆ. ವಾರಂಟ್ ಇಲ್ಲದೆ ಕಟ್ಟಡದೊಳಗೆ ಬರುವ ಅಧಿಕಾರಿಗೆ, ಸ್ವಂತ ಅರಿವಿನಿಂದಲೋ ಬರಹಕ್ಕಿಳಿಸಿಕೊಂಡ ಮಾಹಿತಿಯಿಂದಲೋ, ಅಲ್ಲಿ ಮಾದಕ ವಸ್ತು ಇದೆಯೆಂದು ನಂಬಲು ಕಾರಣವಿರಬೇಕು. ಸೂರ್ಯಾಸ್ತದ ನಂತರವಾದರೆ ಆ ನಂಬಿಕೆಯ ಆಧಾರವನ್ನು ಬರೆದಿಡಬೇಕು, ಅದರ ಪ್ರತಿಯನ್ನು 72 ಗಂಟೆಗಳೊಳಗೆ ಮೇಲಧಿಕಾರಿಗೆ ಕಳಿಸಬೇಕು ಎಂದು 42ನೇ ಕಲಂ ಹೇಳುತ್ತದೆ. ಯಾವ ಕೋಣೆಯ ಬಗ್ಗೆ, ಏನು ಮಾಹಿತಿ ಬಂದಿದೆ ಎಂದು ನಿಮ್ಮವರು ಒಂದು ಮಾತು ಕೇಳಬಹುದಿತ್ತು. ಕನಿಷ್ಠ ನನಗೆ ಫೋನ್ ಮಾಡಬಹುದಿತ್ತು. ನನ್ನ ನಂಬರು ನಿಮ್ಮ ರಿಜಿಸ್ಟರಿನ ಮೊದಲ ಪುಟದಲ್ಲೇ ಇದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕು ಬಾಡಿಗೆ ಮಂಚದಲ್ಲಿ ಮಲಗುವವರಿಗೂ ಉಂಟು.

ಮಾರನೆಯ ದಿನ ನೀವು ಕೊಟ್ಟ ನೋಟಿಸಿನಲ್ಲಿ "ನಾಯಿ ನಿಮ್ಮ ಕಪಾಟನ್ನು ಗುರುತಿಸಿರುವುದರಿಂದ" ಕೋಣೆ ತೆರವು ಮಾಡಬೇಕು, ಮುಂಗಡ 15,000 ರೂಪಾಯಿ ಹಿಂದಿರುಗಿಸುವುದಿಲ್ಲ ಎಂದಿದೆ. ನನಗೆ ಅತ್ಯಂತ ನೋವಾಗಿರುವುದು ಈ ಸಾಲಿನಿಂದ. ನಾಯಿಯ ಮೂಗಿಗೆ ಹತ್ತುವುದು ವಾಸನೆ. ವಸ್ತು ಹೋದ ಮೇಲೂ ವಾಸನೆ ಉಳಿಯಬಹುದು, ಅದು ಯಾರದೆಂದು ನಾಯಿ ಹೇಳಲಾರದು. ಆ ಕಪಾಟು ನನ್ನದಲ್ಲ, ನಿಮ್ಮದು. ನನಗಿಂತ ಮುಂಚೆ ಅದನ್ನು ಎಷ್ಟು ಜನ ಬಳಸಿದ್ದಾರೆಂಬುದು ನಿಮಗೇ ಗೊತ್ತು. ಇನ್ನೊಂದು ಸಂಗತಿಯೂ ಇದೆ. ನಾಯಿ ತನ್ನನ್ನು ಹಿಡಿದವರ ಮನಸ್ಸಿನಲ್ಲಿರುವುದನ್ನೂ ಅನುಸರಿಸುತ್ತದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ಶ್ವಾನ ತಂಡಗಳನ್ನು ಮಾದಕ ವಸ್ತುವಾಗಲಿ ಸ್ಫೋಟಕವಾಗಲಿ ಇಲ್ಲದ ಕಟ್ಟಡವೊಂದರಲ್ಲಿ ಹುಡುಕಲು ಬಿಟ್ಟಿದ್ದರು. ಕೆಂಪು ಕಾಗದ ಅಂಟಿಸಿದ ಕಡೆ ವಾಸನೆ ಇದೆಯೆಂದು ನಾಯಿಗಳನ್ನು ಹಿಡಿದವರಿಗೆ ಸುಳ್ಳು ಹೇಳಲಾಗಿತ್ತು. ನಾಯಿ ಸೂಚನೆ ಕೊಟ್ಟಿತೆಂದು ಅವರು ವರದಿ ಮಾಡಿದ್ದು ಆ ಕಾಗದಗಳ ಬಳಿಯೇ ಹೆಚ್ಚು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಅಲ್ಲಿನ ಓಂಬುಡ್ಸ್‌ಮನ್ (ಸರ್ಕಾರಿ ಸಂಸ್ಥೆಗಳ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿ) 2006ರಲ್ಲಿ ನೀಡಿದ ವರದಿಯಂತೆ, ನಾಯಿಗಳು ಸೂಚನೆ ಕೊಟ್ಟ 10,211 ಸಂದರ್ಭಗಳಲ್ಲಿ ಮಾದಕ ವಸ್ತು ಸಿಕ್ಕಿದ್ದು ಶೇ. 26ರಷ್ಟರಲ್ಲಿ ಮಾತ್ರ. ಉಳಿದವರೆಲ್ಲ ನನ್ನಂತೆ ಜನರೆದುರು ಚೀಲ ಬಿಚ್ಚಿ ತೋರಿಸಿದವರೇ. ಕಾಲೇಜು ಹುಡುಗರ ಬದುಕನ್ನು ಗಾಂಜಾ, ಸಿಂಥೆಟಿಕ್ ಮಾತ್ರೆಗಳು ಹಾಳುಮಾಡುತ್ತಿರುವುದನ್ನು ನಾನೂ ಕಂಡಿದ್ದೇನೆ. ಅದನ್ನು ತಡೆಯುವ ಪೊಲೀಸರಿಗೆ ನಾನು ಅಡ್ಡಬರುವವಳಲ್ಲ. ಆದರೆ ನಾಯಿ ಕುಳಿತದ್ದನ್ನೇ ತೀರ್ಪೆಂದು ಹಿಡಿದು ಶಿಕ್ಷೆ ವಿಧಿಸಲು ನೀವು ಯಾರು?

ವಾರ್ಡನ್ ತೆಗೆದ ವಿಡಿಯೊ ಅದೇ ರಾತ್ರಿ ನಿವಾಸಿಗಳ ವಾಟ್ಸಾಪ್ ಗುಂಪಿಗೆ ಬಂದಿತು. ಅದರಲ್ಲಿ ನನ್ನ ಮುಖವಿದೆ, ಕೋಣೆಯ ನಂಬರಿದೆ, ಹರಡಿಕೊಂಡಿರುವ ಬಟ್ಟೆಗಳಿವೆ. ಏನೂ ಸಿಗಲಿಲ್ಲವೆಂಬ ಮಾತು ಮಾತ್ರ ಇಲ್ಲ. ಊಟದ ಮನೆಯಲ್ಲಿ ಈಗ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತದೆ.

ಆದ್ದರಿಂದ, ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ವಿಡಿಯೊ ಅಳಿಸಿ, ತಪಾಸಣೆಯಲ್ಲಿ ಏನೂ ಸಿಕ್ಕಿಲ್ಲವೆಂದು ಅದೇ ಗುಂಪಿನಲ್ಲಿ ಲಿಖಿತವಾಗಿ ತಿಳಿಸಬೇಕು, ತೆರವು ನೋಟಿಸ್ ಹಿಂಪಡೆಯಬೇಕು. ನಾನಾಗಿಯೇ ಬಿಟ್ಟುಹೋಗುವ ದಿನ ಮುಂಗಡವನ್ನು ಪೂರ್ತಿ ಕೊಡುವುದಾಗಿ ಬರೆದುಕೊಡಬೇಕು. ಮೂರನೇ ಮಹಡಿಯ ಓಣಿಯ ಆ ಸಂಜೆಯ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಕಾಯ್ದಿಡಬೇಕು; ಪೊಲೀಸರು ಯಾವುದಾದರೂ ಕಾಗದ ತೋರಿಸಿದ್ದರೆ ಅದರ ವಿವರವನ್ನೂ, ಒಪ್ಪಿಗೆ ಕೊಟ್ಟವರ ಹೆಸರು ಮತ್ತು ಹುದ್ದೆಯನ್ನೂ ನನಗೆ ಲಿಖಿತವಾಗಿ ನೀಡಬೇಕು. ಇಲ್ಲವಾದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ನೋಟಿಸಿನ ಪ್ರತಿ, ಬಾಡಿಗೆ ರಸೀದಿಗಳು ಮತ್ತು ವಾಟ್ಸಾಪ್ ಸಂದೇಶದ ಚಿತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ನಿವಾಸಿ
(ಸಹಿ)