ನ್ಯಾಶ್‌ವಿಲ್ ಮೇಯರ್ ಅವರಿಗೆ: ಪೆರ್ರಿ ವಾಲೇಸ್ ಬರೀ ಆಟಗಾರರಲ್ಲ

ಮಾನ್ಯ ಮೇಯರ್ ಅವರೇ,

ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ಅಂಗಳ ಮೆಮೋರಿಯಲ್ ಜಿಮ್ ಹತ್ತಿರದ ರಸ್ತೆಗೆ, ಅಲ್ಲಿ ಆಡಿದ ಪೆರ್ರಿ ವಾಲೇಸ್ ಹೆಸರಿಟ್ಟಿದ್ದೀರಿ. ಅವರ 25ನೇ ನಂಬರಿನ ಜೆರ್ಸಿಗೆ 2004ರಲ್ಲೇ ಯೂನಿವರ್ಸಿಟಿ ಗೌರವ ಕೊಟ್ಟಿದೆ. ಎಲ್ಲ ಸರಿ. ಆದರೆ ಊರಿಗೆ ನೆನಪಿರುವುದು ಆಟಗಾರ ಮಾತ್ರ, ಅದೇ ನನ್ನ ತಕರಾರು. (ಇಲ್ಲಿರುವ ನಮ್ಮವರೂ ಓದಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ.)

ಅವರು ಇದೇ ಊರಿನ ಹುಡುಗ. ಪರ್ಲ್ ಹೈಸ್ಕೂಲ್ 1966ರಲ್ಲಿ ಟೆನೆಸ್ಸಿ ರಾಜ್ಯದ ಬಾಸ್ಕೆಟ್‌ಬಾಲ್ ಟೂರ್ನಿ ಗೆದ್ದಾಗ ಆ ತಂಡದಲ್ಲಿದ್ದರು. ಕಪ್ಪು ಮಕ್ಕಳ ಶಾಲೆಗಳನ್ನು ಆ ಟೂರ್ನಿಗೆ ಸೇರಿಸಿಕೊಂಡಿದ್ದೇ ಆ ವರ್ಷ. ಓದಿನಲ್ಲೂ ಅವರೇ ಮುಂದು. ವ್ಯಾಂಡರ್‌ಬಿಲ್ಟ್‌ಗೆ ಎಂಜಿನಿಯರಿಂಗ್ ಓದಲು ಹೋದರು. 1967ರ ಡಿಸೆಂಬರಿನಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ (ದಕ್ಷಿಣದ ಯೂನಿವರ್ಸಿಟಿಗಳ ಕ್ರೀಡಾ ಒಕ್ಕೂಟದ) ಮುಖ್ಯ ತಂಡವೊಂದಕ್ಕೆ ಬಾಸ್ಕೆಟ್‌ಬಾಲ್ ಆಡಿದ ಮೊದಲ ಕಪ್ಪು ಆಟಗಾರರಾದರು.

ಅದಕ್ಕೂ ಮೊದಲು, ಫ್ರೆಶ್‌ಮನ್ (ಮೊದಲ ವರ್ಷದ ವಿದ್ಯಾರ್ಥಿಗಳ) ತಂಡದ ಜೊತೆ ಮಿಸಿಸಿಪ್ಪಿಯ ಸ್ಟಾರ್ಕ್‌ವಿಲ್‌ಗೆ ಹೋಗಿದ್ದರು. ಅವತ್ತು ಗ್ಯಾಲರಿಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಅರ್ಧ ಆಟ ಮುಗಿದಾಗ ಅವರೂ ತಂಡದ ಇನ್ನೊಬ್ಬ ಕಪ್ಪು ಹುಡುಗ ಗಾಡ್‌ಫ್ರೀ ಡಿಲ್ಲರ್ಡ್ ಅವರೂ ಡ್ರೆಸಿಂಗ್ ರೂಮಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಆಮೇಲೆ ಎದ್ದು ಹೋಗಿ ಮಿಕ್ಕ ಆಟ ಆಡಿದರು. ಅದೇ ವರ್ಷ ಕಾಲೇಜು ಆಟದಲ್ಲಿ ಡಂಕ್ ಮಾಡುವುದನ್ನೇ, ಅಂದರೆ ಜಿಗಿದು ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವುದನ್ನೇ, ನಿಷೇಧಿಸಿದರು. ವಾಲೇಸ್ ಅವರ ದೊಡ್ಡ ಅಸ್ತ್ರವೇ ಅದು!

1970ರಲ್ಲಿ ಕಾಲೇಜು ಆಟ ಮುಗಿದ ಕೂಡಲೇ ಸ್ಥಳೀಯ ಪತ್ರಿಕೆಗೆ ಎಲ್ಲವನ್ನೂ ಹೇಳಿದರು. ಕ್ಯಾಂಪಸ್‌ನಲ್ಲಿ ಎಷ್ಟು ಒಂಟಿಯಾಗಿದ್ದೆ, ಚರ್ಚ್‌ಗೆ ಬರಬೇಡ ಅಂತ ಹೇಗೆ ಹೇಳಿದರು, ಎಲ್ಲ. ಊರಿಗೆ ಸಿಟ್ಟು ಬಂತು. ಅವರು ಊರು ಬಿಟ್ಟರು. ಸುಮ್ನೆ ನಗುತ್ತಾ ಕೈಕುಲುಕಿದ್ದರೆ ಊರು ತಲೆ ಮೇಲೆ ಹೊತ್ತು ಮೆರೆಸುತ್ತಿತ್ತು, ಅಲ್ವಾ? ನನ್ನ ಪ್ರಕಾರ ಅವರ ಸಾರ್ವಜನಿಕ ಸೇವೆ ಶುರುವಾಗಿದ್ದೇ ಅವತ್ತು.

ಮುಂದೆ ಕೊಲಂಬಿಯಾದಲ್ಲಿ ಕಾನೂನು ಓದಿದರು. ಕೇಂದ್ರದ ನ್ಯಾಯ ಇಲಾಖೆಯಲ್ಲಿ ವಕೀಲರಾದರು. 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದರು. ಪರಿಸರ ಕಾನೂನು ಅವರ ಮುಖ್ಯ ವಿಷಯಗಳಲ್ಲೊಂದು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮದೇ ಕಾನೂನು ಇಲಾಖೆಯಲ್ಲಿ ಅವರ ಹೆಸರಿನಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಸಿಗೆ ರಜೆಯ ಕೆಲಸ ಕೊಡಿ. ಸಂಬಳ ಇರಲಿ, ಬಿಟ್ಟಿ ದುಡಿಮೆ ಬೇಡ. ಬಾಸ್ಕೆಟ್‌ಬಾಲ್ ಆಡಲು ಬರಬೇಕು ಅನ್ನುವ ಷರತ್ತೂ ಬೇಡ. ಮೊದಲ ವರ್ಷ ಇಬ್ಬರಿಗಾದರೂ ಸಾಕು. ಈಗಿನ ಪರ್ಲ್-ಕೋನ್ ಹೈಸ್ಕೂಲಿನಿಂದಲೇ ಶುರು ಮಾಡಬಹುದು.

ಇಂತಿ,
ನಿಮ್ಮ ಊರಿನ ಒಬ್ಬ ಕನ್ನಡಿಗ